ಕೆಟಮಿನ್: ಬೆಕ್ಕಿಗೂ ಅದೇ, ನಮಗೂ ಅದೇ

"ಅದು ಕುದುರೆಗೆ ಕೊಡುವ ಮದ್ದಲ್ವಾ ಡಾಕ್ಟ್ರೇ?" ಕೆಟಮಿನ್ ಹೆಸರು ಹೇಳಿದರೆ ಕಾಸರಗೋಡಿನ ಬದಿಯಡ್ಕದ ಕಡೆ ಹೀಗೆ ಕೇಳುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಮನುಷ್ಯರಿಗೆ ಅರಿವಳಿಕೆ ಬೇಕು ಅಂತ ಹುಡುಕುವಾಗ ಸಿಕ್ಕಿದ ಮದ್ದು ಇದು. 1962ರಲ್ಲಿ ಅಮೆರಿಕದಲ್ಲಿ ತಯಾರಾಯಿತು, 1970ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು.

ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಶನ್ ಮಾಡುವಾಗ ಮನೆಯವರಿಗೆ ಗಾಬರಿ. ಅದು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತದೆ. "ಇದಕ್ಕೆ ಎಚ್ಚರ ಉಂಟಲ್ಲ ಮಾರಾಯ್ರೆ!" ಅನ್ನುತ್ತಾರೆ. ಇಲ್ಲ. ಕೆಟಮಿನ್ ಮಿದುಳಿನಲ್ಲಿ ನರಗಳ ಸಂದೇಶ ಹಿಡಿಯುವ ಎನ್‌ಎಂಡಿಎ ರಿಸೆಪ್ಟರ್‌ಗಳನ್ನು ತಡೆಯುತ್ತದೆ. ಕಣ್ಣು ತೆರೆದಿದ್ದರೂ ನೋವು ಅರಿವಿಗೆ ಬರುವುದಿಲ್ಲ. ರೆಪ್ಪೆ ಮುಚ್ಚದೆ ಕಣ್ಣು ಒಣಗಿ ಹುಣ್ಣಾಗಬಾರದು ಅಂತ ಮುಲಾಮು ಹಚ್ಚುತ್ತೇವೆ. ಜೊಲ್ಲೂ ಸುರಿಯುತ್ತದೆ, ಒರೆಸುತ್ತಾ ಇರಬೇಕು.

ನಾಯಿಗೆ ಇದೊಂದನ್ನೇ ಚುಚ್ಚಿದರೆ ಮೈ ಸೆಟೆದುಕೊಳ್ಳುತ್ತದೆ, ಫಿಟ್ಸ್ ಕೂಡ ಬರಬಹುದು. ಅದಕ್ಕೇ ಸ್ನಾಯು ಸಡಿಲಿಸುವ ಕ್ಸೈಲಜಿನ್ ಅಥವಾ ಡಯಜೆಪಾಮ್ ಜತೆಗೆ ಬೇಕು. ಚಿರತೆಗೆ ದೂರದಿಂದ ಹೊಡೆಯುವ ಚುಚ್ಚುಮದ್ದಿನಲ್ಲೂ ಸಾಮಾನ್ಯವಾಗಿ ಕೆಟಮಿನ್, ಕ್ಸೈಲಜಿನ್ ಜೋಡಿಯೇ. ದನದ ಹತ್ತಿರ ಮಾತ್ರ ಕ್ಸೈಲಜಿನ್ ಹುಷಾರಾಗಿ ಬಳಸಬೇಕು: ಕುದುರೆಯ ಡೋಸಿನ ಹತ್ತನೇ ಒಂದು ಪಾಲು ಸಾಕು. ನಮ್ಮ ಕಾಸರಗೋಡು ಗಿಡ್ಡ ತಳಿ ಬೇರೆ ಮೈಯಲ್ಲಿ ಸಣ್ಣದು, ತೂಕ ಸುಮ್ನೆ ಅಂದಾಜು ಮಾಡಿದರೆ ಕೆಟ್ಟಿತು. ದನಕ್ಕೆ ಕೆಟಮಿನ್ ಬೇಕಾಗುವುದೇ ಅಪರೂಪ. ಹೆಚ್ಚಿನ ಆಪರೇಶನ್ ಜಾಗ ಮರಗಟ್ಟಿಸಿ, ನಿಂತಲ್ಲೇ ಆಗುತ್ತದೆ.

ಮನುಷ್ಯರಲ್ಲಿ ಇದರ ದೊಡ್ಡ ಗುಣ, ಸರಿಯಾದ ಡೋಸಿನಲ್ಲಿ ಸಾಮಾನ್ಯವಾಗಿ ಉಸಿರು ತಾನಾಗಿ ನಡೆಯುತ್ತದೆ, ಬಿಪಿ ಬೀಳುವ ಬದಲು ಸ್ವಲ್ಪ ಏರುತ್ತದೆ. ಅಡಿಕೆ ಮರದಿಂದ ಬಿದ್ದು ರಕ್ತ ಹೋದವರಿಗೆ, ಸುಟ್ಟಗಾಯದ ಡ್ರೆಸ್ಸಿಂಗಿಗೆ, ಮಕ್ಕಳ ಮುರಿದ ಕೈ ಕೂರಿಸುವುದಕ್ಕೆ ಇದು ಬೇಕಾಗುವುದು ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಉಂಟು. ಎಚ್ಚರವಾಗುವಾಗ ಕೆಲವರಿಗೆ ವಿಚಿತ್ರ ಕನಸು, ಗೊಂದಲ. ಹುಚ್ಚು ಹಿಡಿಯಿತು ಅಂತ ಹೆದರಬೇಡಿ, ಇಳಿಯುತ್ತದೆ. ಬೇರೆ ಮಾತ್ರೆಗೆ ಬಗ್ಗದ ಖಿನ್ನತೆಗೆ ಇದರದೇ ರೂಪವಾದ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಅದನ್ನೂ ವೈದ್ಯರ ಕಣ್ಣೆದುರೇ ತೆಗೆದುಕೊಳ್ಳಬೇಕು. ನಶೆಗಾಗಿ ದಿನಾ ತೆಗೆದುಕೊಂಡವರ ಮೂತ್ರಕೋಶವೇ ಹಾಳಾದದ್ದುಂಟು.

"ರಾತ್ರಿ ಏನಾದರೂ ಆದರೆ ಇರಲಿ, ಒಂದು ಬಾಟ್ಲಿ ಕೊಡಿ" ಅಂತ ಕೇಳುವ ತೋಟದವರಿಗೆ ನಾನು ಕೊಡುವುದಿಲ್ಲ. ನಮ್ಮಲ್ಲಿ ಇದು ಷೆಡ್ಯೂಲ್ ಎಕ್ಸ್ ಮದ್ದು, ಅಂದರೆ ಕಾನೂನಿನ ಬಿಗಿ ಹತೋಟಿಯಲ್ಲಿರುವ ಪಟ್ಟಿಯದ್ದು, ಒಂದೊಂದು ಬಾಟ್ಲಿಗೂ ಲೆಕ್ಕ ಬರೆದಿಡಬೇಕು. ಮತ್ತೆ, ಹೆಚ್ಚಾದರೆ ಕ್ಸೈಲಜಿನ್ ಇಳಿಸಲು ಮದ್ದು ಉಂಟು, ಕೆಟಮಿನ್‌ಗೆ ಇಲ್ಲ.