ಹೊಂದಾಣಿಕೆಯನ್ನು ವಿನಾಯಿತಿ ಎನ್ನಬೇಡಿ

ಡಿಸ್‌ಲೆಕ್ಸಿಯಾ (ಓದು-ಬರಹ ಕಷ್ಟವಾಗುವ ಕಲಿಕೆಯ ತೊಡಕು) ಇರುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಟ್ಟರೆ ‘ಸಮಯದ ವಿನಾಯಿತಿ’, ಬರೆಯಲು ಸಹಾಯಕರನ್ನು ಕೊಟ್ಟರೆ ‘ಬರವಣಿಗೆಯ ವಿನಾಯಿತಿ’. ಸುತ್ತೋಲೆಗಳಲ್ಲೂ ಸುದ್ದಿಗಳಲ್ಲೂ ಇದೇ ಮಾತು. ಆದರೆ ಇವು ವಿನಾಯಿತಿಗಳಲ್ಲ. ಒಂದು ಭಾಷಾ ಪರೀಕ್ಷೆಯನ್ನೇ ಬರೆಯಬೇಕಿಲ್ಲ ಎಂದರೆ ಅದು ವಿನಾಯಿತಿ. ಪ್ರಶ್ನೆಪತ್ರಿಕೆ, ಅಂಕ, ಮೌಲ್ಯಮಾಪನ ಯಾವುದನ್ನೂ ಮುಟ್ಟದೆ ಉತ್ತರಿಸುವ ದಾರಿಯನ್ನಷ್ಟೇ ಬದಲಿಸಿದರೆ ಅದು ಹೊಂದಾಣಿಕೆ. ಪಾಠವನ್ನೋ ಪ್ರಶ್ನೆಯನ್ನೋ ಸುಲಭ ಮಾಡಿದರೆ ಮಾರ್ಪಾಡು.

‘ಹೊಂದಾಣಿಕೆ’ ಎಂದೊಡನೆ ‘ಸ್ವಲ್ಪ ಸಹಿಸಿಕೊಂಡು ಹೋಗು’ ಎಂಬ ಅರ್ಥವೇ ತಲೆಗೆ ಬರುವುದು ಇನ್ನೊಂದು ತೊಡಕು. ಹಳಗನ್ನಡದ ‘ಪೊಂದು’ ಎಂದರೆ ಕೂಡು, ಸೇರು. ಪಕಾರ ಹಕಾರವಾಗಿ ‘ಹೊಂದು’ ಆಯಿತು. ಅಂಗಿ ಮೈಗೆ ಹೊಂದಬೇಕು, ಮೈ ಅಂಗಿಗಲ್ಲ. ಇಲ್ಲೂ ಹೊಂದಿಕೊಳ್ಳಬೇಕಾದ್ದು ಶಾಲೆಯ ವ್ಯವಸ್ಥೆ. ಇಂಗ್ಲಿಷಿನ ‘ಅಕಾಮಡೇಶನ್’ (ಹೊಂದಾಣಿಕೆ) ಮತ್ತು ‘ಮಾಡಿಫಿಕೇಶನ್’ (ಮಾರ್ಪಾಡು) ಎರಡರ ಒಡಲಲ್ಲೂ ಇರುವುದು ಲ್ಯಾಟಿನ್ನಿನ ‘ಮೋಡುಸ್’, ಅಂದರೆ ಅಳತೆ. ಮೊದಲನೆಯದು ಅಳತೆಗೆ ಒಪ್ಪುವಂತೆ ಮಾಡುವುದು, ಎರಡನೆಯದು ಅಳತೆಯನ್ನೇ ತಿದ್ದುವುದು. ಪದದ ಚರ್ಚೆ ಬರೀ ವ್ಯಾಕರಣದ್ದಲ್ಲ: ವಿನಾಯಿತಿ ಎಂದರೆ ಯಾರೋ ದಯೆಯಿಂದ ಕೊಟ್ಟದ್ದು ಎಂಬ ಭಾವನೆ ಅಂಟಿಕೊಳ್ಳುತ್ತದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿಯಾದರೋ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದನ್ನು ತಾರತಮ್ಯವೆಂದೇ ಎಣಿಸುತ್ತದೆ.

ಯಾವುದು ಯಾವುದೆಂದು ತಿಳಿಯಲು ಈ ಪರೀಕ್ಷೆ ಅಳೆಯುತ್ತಿರುವುದು ಏನನ್ನು ಎಂದು ಕೇಳಿದರೆ ಸಾಕು. ವಿಜ್ಞಾನದ ಪ್ರಶ್ನೆಯನ್ನು ಓದಿ ಹೇಳಿದರೆ ಹೊಂದಾಣಿಕೆ; ಓದುವ ಸಾಮರ್ಥ್ಯವನ್ನೇ ಅಳೆಯುವ ಭಾಷಾ ಪತ್ರಿಕೆಯಲ್ಲಿ ಗದ್ಯಭಾಗವನ್ನು ಓದಿ ಹೇಳಿದರೆ ಮಾರ್ಪಾಡು. ಭೌತವಿಜ್ಞಾನದ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಸರಿ, ಗುಣಾಕಾರವನ್ನೇ ಪರೀಕ್ಷಿಸುವಾಗ ಅಲ್ಲ. ಪ್ರೌಢಶಾಲೆಯಲ್ಲಿ ಈ ಗೆರೆ ಮುಖ್ಯ, ಏಕೆಂದರೆ ಮಾರ್ಪಾಡು, ವಿನಾಯಿತಿಗಳು ಮುಂದೆ ಆರಿಸಿಕೊಳ್ಳಬಹುದಾದ ವಿಷಯಗಳನ್ನು ಕಿರಿದಾಗಿಸಬಹುದು. ಪೋಷಕರಿಗೆ ಅದನ್ನು ಮೊದಲೇ ಹೇಳಬೇಕು.

ಹೆಚ್ಚುವರಿ ಸಮಯವೊಂದೇ ಮದ್ದು ಎಂಬ ನಂಬಿಕೆಯೂ ಹೋಗಬೇಕು. ಮೂರು ಗಂಟೆಯ ಪರೀಕ್ಷೆಗೆ ಶೇಕಡಾ 25 ಎಂದರೆ 45 ನಿಮಿಷ, ಗಂಟೆಗೆ 20 ನಿಮಿಷದಂತೆ ಎಂದರೆ 60; ಯಾವ ಲೆಕ್ಕವೆಂದು ಬರೆದಿಡಿ. ಗಮನ ನಿಲ್ಲದ ವಿದ್ಯಾರ್ಥಿಗೆ ಹೆಚ್ಚುವರಿ ಸಮಯವೆಂದರೆ ಇನ್ನಷ್ಟು ದಣಿವು. ಗಡಿಯಾರ ನಿಲ್ಲಿಸಿ ಕೊಡುವ ಬಿಡುವು ಅವರಿಗೆ ಬೇಕು. ದೃಷ್ಟಿ ಮಂದವಿರುವವರಿಗೆ ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿದರೆ 12 ಪಾಯಿಂಟ್ ಅಕ್ಷರ ಸುಮಾರು 17 ಆಗುತ್ತದೆ, ಜೊತೆಗೆ 5 ಸೆಂಟಿಮೀಟರ್ ಗೆರೆ 7 ಆಗುತ್ತದೆ! ಅಳೆದು ಬರೆಯಬೇಕಾದ ರೇಖಾಗಣಿತದ ಉತ್ತರ, ನಕ್ಷೆಯ ಪ್ರಮಾಣ ಎರಡೂ ತಪ್ಪುತ್ತವೆ. ಪಠ್ಯವನ್ನು ದೊಡ್ಡ ಅಕ್ಷರದಲ್ಲಿ ಮತ್ತೆ ಟೈಪ್ ಮಾಡಿ, ಚಿತ್ರವನ್ನು ಬೇರೆಯಾಗಿ, ಅಳತೆ ಸರಿಪಡಿಸಿ ಬರೆಸಬೇಕು.

ಬರೆಯುವ ಸಹಾಯಕರನ್ನು ಪರೀಕ್ಷೆಯ ದಿನವೇ ಮೊದಲ ಸಲ ಭೇಟಿ ಮಾಡಿಸುವುದು ದೊಡ್ಡ ತಪ್ಪು. ಹೇಳಿ ಬರೆಸುವುದೇ ಒಂದು ಕಲೆ: ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಅಲ್ಪವಿರಾಮವನ್ನೂ ಹೇಳಿ, ಚಿತ್ರದ ಭಾಗಗಳನ್ನು ಒಂದೊಂದಾಗಿ ವಿವರಿಸಬೇಕು. ಕಿರುಪರೀಕ್ಷೆಗಳಿಂದಲೇ, ಪ್ರತ್ಯೇಕ ಕೋಣೆಯಲ್ಲಿ, ಅದೇ ಸಹಾಯಕರೊಂದಿಗೆ ಅಭ್ಯಾಸ ನಡೆಯಲಿ.