ಉಸಿರು ಬರೀ ವಾಲ್ಯೂಮ್ ಅಲ್ಲ: ಮಿಡಿ ಊದುವಾದ್ಯ ಕಲಿಯುವವರಿಗೆ ಟಿಪ್ಪಣಿ

ನಮ್ಮ ದೊಡ್ಡಪ್ಪ ಸಿರುಗುಪ್ಪದ ಕಡೆ ಬಯಲಾಟಕ್ಕೆ ಮುಖವೀಣೆ ಊದುತ್ತಿದ್ದರು. ಬಳ್ಳಾರಿಯ ನಮ್ಮ ಮನೆಯಲ್ಲಿ ನನ್ನ ಎಲೆಕ್ಟ್ರಾನಿಕ್ ವಾದ್ಯ ಕೇಳಿದವರೇ ಅಂದರು: "ಸ್ವರ ಸರಿ ಐತಪ್ಪ, ಉಸಿರೇ ಇಲ್ಲಲ್ಲೋ." ಆ ಮಾತು ನಿಜವಾಗಿತ್ತು. ತಪ್ಪು ವಾದ್ಯದ್ದಲ್ಲ, ಸೆಟ್ಟಿಂಗ್‌ನದು.

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದ ನೈಲ್ ಸ್ಟೈನರ್ 1970ರ ದಶಕದಲ್ಲೇ ಊದಿ ನುಡಿಸುವ ಇಂಥ ಎಲೆಕ್ಟ್ರಾನಿಕ್ ವಾದ್ಯ ಕಟ್ಟಿದ್ದರು. ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳೂ ಕಂಪ್ಯೂಟರೂ ಒಂದಕ್ಕೊಂದು ಸಂದೇಶ ಕಳಿಸುವ ಭಾಷೆ, ಬಂದದ್ದು 1983ರಲ್ಲಿ. ಸ್ಟೈನರ್ ವಾದ್ಯ ಅಕಾಯ್ ಕಂಪನಿಯಿಂದ 'ಈವಿ' ಆಗಿ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಯಮಹಾದ ಡಬ್ಲ್ಯುಎಕ್ಸ್-7 ಕೂಡ ಅದೇ ವರ್ಷದ್ದು.

ವಾದ್ಯದೊಳಗಿನ ಸೆನ್ಸರ್ ಉಸಿರಿನ ಒತ್ತಡವನ್ನು 0ಯಿಂದ 127ರ ಒಳಗಿನ ಅಂಕಿ ಮಾಡಿ ಕಳಿಸುತ್ತದೆ. ಇದಕ್ಕೆಂದೇ ಇರುವ ಕಂಟ್ರೋಲರ್ (ಮಿಡಿಯಲ್ಲಿ ನಂಬರ್ ಹಾಕಿದ ದಾರಿ) ನಂಬರ್ 2. 7 ವಾಲ್ಯೂಮ್, ನುಡಿಸುವಾಗಿನ ಏರಿಳಿತಕ್ಕೆ 11 ಎಕ್ಸ್‌ಪ್ರೆಶನ್. ಉಸಿರನ್ನು 7ಕ್ಕೆ ಕಟ್ಟಬೇಡಿ. ಮಿಕ್ಸಿಂಗ್ ಮಾಡುವಾಗ ಬೇಕಾಗುವುದು ಅದೇ. ನೀವು ಊದಿದಾಗಲೆಲ್ಲ ಅದು ಕುಣಿಯುತ್ತಿದ್ದರೆ ಟ್ರ್ಯಾಕ್ ಕೈಗೆ ಸಿಗಲ್ಲ. 2 ಅಥವಾ 11 ಇಟ್ಟುಕೊಳ್ಳಿ.

ಈಗ ನನ್ನ ತಪ್ಪು. ಲ್ಯಾಪ್‌ಟಾಪ್‌ನಲ್ಲಿ ಮಿಡಿ ಮಾನಿಟರ್ ತೆರೆದು ಒಂದು ಉದ್ದ 'ಸ' ಊದಿದೆ. ಅಂಕಿ 3, 19, 58, 104, ಆಮೇಲೆ 127, 127, 127. ಅರ್ಧ ಉಸಿರಿಗೇ ಮೇಲೆ ಮುಟ್ಟಿಬಿಟ್ಟಿತ್ತು! ಅಲ್ಲಿಂದ ಎಷ್ಟು ಜೋರಾಗಿ ಊದಿದರೂ ನಾದ ಹುಟ್ಟಿಸುವ ಸಿಂಥ್‌ಗೆ ಎಲ್ಲಾ ಒಂದೇ. ದೊಡ್ಡಪ್ಪನ ಕಿವಿಗೆ ಬಿದ್ದದ್ದು ಆ ಸಪಾಟು ಗೆರೆ. ಬ್ರೆತ್ ಗೇನ್ (ಉಸಿರಿಗೆ ಸೆನ್ಸರ್ ಎಷ್ಟು ಬೇಗ ಏರಬೇಕು ಅನ್ನೋ ಸೆಟ್ಟಿಂಗ್) ಇಳಿಸಿ, ಎದೆ ತುಂಬಿ ಊದಿದಾಗ ಮಾತ್ರ 127 ಮುಟ್ಟುವ ಹಾಗೆ ಮಾಡಿದೆ. ಈ ಒಂದು ಕೆಲಸ ಮಾಡದೆ ಮುಂದೆ ಹೋಗಬೇಡಿ.

ಇಷ್ಟಾದರೂ ಉಸಿರು ಬರೀ ಸದ್ದನ್ನು ಏರಿಸಿ ಇಳಿಸಿದರೆ ಕೇಳಲು ರೇಡಿಯೋ ಗುಂಡಿ ತಿರುಗಿಸಿದ ಹಾಗಿರುತ್ತದೆ. ನಿಜವಾದ ಕೊಳಲಾಗಲಿ ಶಹನಾಯಿಯಾಗಲಿ, ಮೆಲ್ಲಗೆ ಊದಿದಾಗ ನಾದ ಮಂಕು, ಜೋರಾದಾಗ ಹರಿತ. ಅಂದರೆ ದನಿಯ ಬಣ್ಣವೂ ಬದಲಾಗಬೇಕು, ಅಲ್ವಾ? ಅದಕ್ಕೆ ಉಸಿರನ್ನು, ನಾದದ ಹರಿತ ಹೆಚ್ಚುಕಮ್ಮಿ ಮಾಡುವ ಸಿಂಥ್‌ನ ಫಿಲ್ಟರ್‌ಗೂ ಕಟ್ಟಿ. ಎರಡಕ್ಕೂ ಒಂದೇ ಕರ್ವ್ (ಏರಿಕೆಯ ಗೆರೆ) ಕೊಡಬೇಡಿ. ನನ್ನ ಸೆಟ್ಟಿಂಗ್‌ನಲ್ಲಿ ಸದ್ದು ಮೊದಲೇ ಏರುತ್ತದೆ, ಫಿಲ್ಟರ್ ಅಂಕಿ 50 ದಾಟಿದ ಮೇಲೆ ತೆರೆಯುತ್ತದೆ. ಸುಮ್ನೆ ಒಂದು ಸ್ವರ ಹಿಡಿದು ಉಸಿರು ಹೆಚ್ಚಿಸುತ್ತಾ ಹೋಗಿ, ನಡುವೆ ಒಂದು ಕಡೆ ನಾದ ಬಾಯಿ ಬಿಡುವುದು ಕೇಳುತ್ತದೆ. ನನಗೆ ತುಂಬಾ ಇಷ್ಟದ ಜಾಗ ಅದು.

ಇನ್ನು ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ನಮ್ಮ ಸಂಗೀತಕ್ಕೆ ಇದಿಲ್ಲದೆ ಏನೂ ಇಲ್ಲ. ಹೆಬ್ಬೆರಳಿಂದ ಸ್ವರ ಜಾರಿಸುವ ಪಿಚ್ ಬೆಂಡ್‌ಗೆ 16,384 ಮೆಟ್ಟಿಲು, ನಡುವಿನದು 8192. ಹೆಚ್ಚಿನ ಸಿಂಥ್‌ಗಳಲ್ಲಿ ಮೊದಲೇ ಇಟ್ಟಿರುವ ವ್ಯಾಪ್ತಿ ಮೇಲೆ 2, ಕೆಳಗೆ 2 ಅರ್ಧಸ್ವರ. 'ಸ'ದಿಂದ ಶುದ್ಧ 'ಗ' 4 ಅರ್ಧಸ್ವರ ದೂರ, ಹಾಗಾಗಿ ಮೀಂಡ್ 'ರಿ'ಯಲ್ಲೇ ನಿಂತುಬಿಡುತ್ತದೆ. ಕೆಲವರು ವ್ಯಾಪ್ತಿಯನ್ನು 12 ಮಾಡುತ್ತಾರೆ. ನನಗೆ ಅದು ಸರಿಬರಲಿಲ್ಲ. ಹೆಬ್ಬೆರಳು ಒಂಚೂರು ಅಲುಗಿದರೂ ಸ್ವರ ಜಾರುತ್ತದೆ. 5 ಇಟ್ಟೆ. ಪೂರ್ತಿ ಒತ್ತಿದರೆ ಸರಿಯಾಗಿ ಶುದ್ಧ 'ಮ', ಅದಕ್ಕಿಂತ ಮೇಲೆ ಹೋಗಲ್ಲ. ಒಂದು ಅರ್ಧಸ್ವರಕ್ಕೆ ಸುಮಾರು 1638 ಮೆಟ್ಟಿಲು ಸಿಗುತ್ತವೆ, ದರ್ಬಾರಿ ಕಾನಡಾದ ಕೋಮಲ 'ಗ' ತೂಗಿಸಲು ಬೇಕಾದಷ್ಟು. ಆ ಆಂದೋಲನಕ್ಕೆ ಸಿಂಥ್‌ನ ರೆಡಿ ವೈಬ್ರಾಟೋ ಹಾಕಬೇಡಿ. ಅದು ಗಡಿಯಾರದ ಹಾಗೆ ಒಂದೇ ಸಮ ಅಲ್ಲಾಡುತ್ತದೆ. ಹೆಬ್ಬೆರಳಿಂದಲೇ ತೂಗಿಸಿ.

ವ್ಯಾಪ್ತಿ ಬದಲಿಸಲು ಈ ಸಾಲಿನಲ್ಲಿ ಕಳಿಸಿ: ಕಂಟ್ರೋಲರ್ 101ಕ್ಕೆ 0, 100ಕ್ಕೆ 0, ಆಮೇಲೆ 6ಕ್ಕೆ 5. ಕೆಲವು ಸಾಫ್ಟ್‌ವೇರ್ ಸಿಂಥ್‌ಗಳು ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಆಗ ಸಿಂಥ್ ಒಳಗೇ ಹೋಗಿ ಬದಲಿಸಬೇಕು.

ಹಳೇ ಐದು ಪಿನ್ನಿನ ಮಿಡಿ ಕೇಬಲ್ ಬಳಸುವವರಿಗೆ ಒಂದು ಮಾತು. ಅದರ ವೇಗ ಸೆಕೆಂಡಿಗೆ 31,250 ಬಿಟ್. ಮೂರು ಬೈಟ್‌ನ ಒಂದು ಸಂದೇಶಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ. ಉಸಿರು, ಬೆಂಡ್, ಒತ್ತಡದ ಇನ್ನೊಂದು ಸಂದೇಶವಾದ ಆಫ್ಟರ್‌ಟಚ್ ಎಲ್ಲಾ ಒಟ್ಟಿಗೆ ಹರಿದರೆ ಸ್ವರ ಸಾಲಿನಲ್ಲಿ ನಿಂತು ತಡವಾಗುತ್ತದೆ. ಬಳಸದೇ ಇರುವುದನ್ನು ಆಫ್ ಮಾಡಿ.

ಅಭ್ಯಾಸಕ್ಕೆ ಒಂದೇ ಕೆಲಸ: ದಿನಾ ಎಂಟು ಸೆಕೆಂಡಿನ 'ಸ' ಊದಿ, ರೆಕಾರ್ಡ್ ಆದ ಉಸಿರಿನ ಗೆರೆ ನೋಡಿ. ಏರಿಳಿತ ನಿಮ್ಮ ಎದೆಯಲ್ಲಿದ್ದ ಹಾಗೇ ಬಂದಿದೆಯಾ? ನನ್ನದು ಇನ್ನೂ ಕೊನೆಯಲ್ಲಿ ದಿಢೀರನೆ ಕೆಳಗೆ ಬೀಳುತ್ತದೆ. ಈ ವಾರ ಅದನ್ನೇ ತಿದ್ದುತ್ತಿದ್ದೇನೆ.