ಕಿಮೋ ಮುಗಿದರೂ ಬಿಡದ ಜೋಮು

ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿ ಕ್ಯಾನ್ಸರ್‌ಗೆ ಕಿಮೋ ತೆಗೆದುಕೊಂಡು ಬಂದವರು ನನ್ನಂಥ ಫಿಸಿಯೋಥೆರಪಿಯವರ ಹತ್ತಿರ ‘ನರದ ತೊಂದರೆ’ ಎಂದು ಹೇಳಿಕೊಂಡು ಬರುವುದಿಲ್ಲ. ಚಪ್ಪಲಿ ಕಾಲಿನಿಂದ ಕಳಚಿಹೋದದ್ದೇ ತಿಳಿಯಲಿಲ್ಲ, ರವಿಕೆಯ ಹುಕ್ಕು ಹಾಕಲು ಸೊಸೆಯನ್ನು ಕರೆಯಬೇಕು, ಅಬ್ಬಲಿಗೆ ಕಟ್ಟಲು ಕೂತರೆ ದಾರ ಬೆರಳಿಗೆ ಸಿಗುವುದಿಲ್ಲ ಎನ್ನುತ್ತಾರೆ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಿಮೋ ಔಷಧಿ ಕೈಕಾಲಿನ ನರಕ್ಕೆ ಪೆಟ್ಟು ಕೊಟ್ಟು ಜೋಮು ಹಿಡಿಸಬಹುದು ಎಂಬುದನ್ನು ಆಸ್ಪತ್ರೆಯಲ್ಲಿ ಹೇಳಿದ್ದರೂ ಆ ಗಡಿಬಿಡಿಯಲ್ಲಿ ತಲೆಗೆ ಹೋಗಿರುವುದಿಲ್ಲ.

ಎಲ್ಲ ಕಿಮೋ ಔಷಧಿಯೂ ಹೀಗೆ ಮಾಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್, ಬಾರ್ಟೆಜೊಮಿಬ್ ಇವು ಮುಖ್ಯ ಆರೋಪಿಗಳು. ಉದ್ದದ ನರಗಳ ತುದಿಗೆ ಮೊದಲ ಪೆಟ್ಟು, ಹಾಗಾಗಿ ಕಾಲ್ಬೆರಳಿನಿಂದ ಶುರುವಾಗಿ ಎರಡೂ ಪಾದಗಳಲ್ಲಿ ಸಮನಾಗಿ ಮೇಲೇರುತ್ತದೆ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಸೇರಿದ ಪ್ಲಾಟಿನಂ ಗುಂಪಿನ ಔಷಧಿಗಳಲ್ಲಿ ಇನ್ನೊಂದು ಕಿರಿಕಿರಿ ಇದೆ: ಕಿಮೋ ನಿಂತ ಮೇಲೂ ಕೆಲವು ತಿಂಗಳು ಜೋಮು ಹೆಚ್ಚುತ್ತಲೇ ಹೋಗಬಹುದು. ಕ್ಯಾನ್ಸರ್ ಮರಳಿ ಬಂತೆಂದು ಹೆದರಿ ರಾತ್ರಿ ನಿದ್ದೆ ಬಿಟ್ಟವರಿದ್ದಾರೆ.

ಆಕ್ಸಾಲಿಪ್ಲಾಟಿನ್‌ನದು ಬೇರೆಯದೇ ಕತೆ. ಅಂಕೋಲಾ ಕಡೆಯ ಮೀನು ಮಾರುವ ಅಕ್ಕ ಒಬ್ಬರು, “ಡಾಕ್ಟ್ರೇ, ಐಸಿನ ಬಂಗಡೆ ಮುಟ್ಟಿದ್ರೆ ಕರೆಂಟ್ ಹೊಡ್ದಾಂಗೆ ಆಗ್ತದೆ” ಎಂದರು. ಈ ಔಷಧಿ ಏರಿಸಿದ ಮೊದಲ ಕೆಲವು ದಿನ ತಣ್ಣನೆಯದೇನು ತಾಗಿದರೂ ಹೀಗೆ. ಫ್ರಿಜ್ಜಿನ ನೀರು ಕುಡಿದರೆ ಗಂಟಲೇ ಹಿಡಿದಂತಾಗುತ್ತದೆ. ಐಸಿನ ಪೆಟ್ಟಿಗೆಗೆ ಕೈ ಹಾಕುವ ಕೆಲಸವನ್ನು ಆ ದಿನಗಳಲ್ಲಿ ಮಗಳಿಗೆ ಬಿಟ್ಟುಕೊಡಿ, ತಕ್ಕಡಿ ನೀವು ಹಿಡಿಯಿರಿ ಎಂದೆ. ಜೊತೆಗೆ, ಮುಂದಿನ ಡ್ರಿಪ್ ಹಾಕುವ ಮುಂಚೆ ಇದನ್ನು ಕ್ಯಾನ್ಸರ್ ಡಾಕ್ಟರಿಗೆ ತಪ್ಪದೆ ಹೇಳಿ ಎಂದೂ ಹೇಳಿದೆ. ಡೋಸ್ ಇಳಿಸುವುದು, ಮುಂದೂಡುವುದು, ಔಷಧಿ ಬದಲಿಸುವುದು ಅವರ ಕೈಯಲ್ಲಿದೆ. ಹೇಳಿದರೆ ಕಿಮೋ ನಿಲ್ಲಿಸಿಬಿಡುತ್ತಾರೆಂದು ಬಾಯಿ ಮುಚ್ಚಿಕೊಂಡವರೇ ಕೊನೆಗೆ ಗೋಡೆ ಹಿಡಿದು ನಡೆಯುವುದನ್ನು ನೋಡುತ್ತೇನೆ.

ಈಗ ಬಾಟಲಿಗಳ ವಿಷಯ. ನರಕ್ಕೆ ಶಕ್ತಿ ಎಂದು ಯಾರೋ ತಂದುಕೊಟ್ಟ ಮಾತ್ರೆಯಲ್ಲಿ ಬಿ6 ಇರುತ್ತದೆ. ಇದನ್ನು ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ನುಂಗಿದರೆ ಅದೇ ನರವನ್ನು ಹಾಳು ಮಾಡುತ್ತದೆ. ಅಸಿಟೈಲ್-ಎಲ್-ಕಾರ್ನಿಟಿನ್ ಪುಡಿಯದು ಇನ್ನೂ ಕೆಟ್ಟದ್ದು: ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಜೋಮನ್ನು ತಡೆಯುವ ಬದಲು ಹೆಚ್ಚಿಸಿತು. ಬಿ12 ಮಾತ್ರ ಪರೀಕ್ಷಿಸಿ ನೋಡುವಂಥದ್ದು, ಅದರ ಕೊರತೆಯಿಂದಲೂ ಜೋಮು ಬರುತ್ತದೆ. ಶಿರಸಿ ಕಡೆಯ ಶುದ್ಧ ಸಸ್ಯಾಹಾರಿ, ಮೇಲಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಾದರೆ ಕೊರತೆ ಇರುವ ಸಂಭವ ಹೆಚ್ಚು.

ಜೋಮು ಎಂದಕೂಡಲೇ ಅಂಕೋಲಾ ಹತ್ತಿರದ ಬೆಳಂಬಾರದಲ್ಲಿ ಕೊಡುವ ಲಕ್ವಾದ ನಾಟಿ ಔಷಧಿಗೆ ಹೋಗೋಣವೇ ಎಂದು ಕೇಳುವವರೂ ಇದ್ದಾರೆ. ಲಕ್ವಾ ಮಿದುಳಿನಲ್ಲಿ ಹುಟ್ಟುವಂಥದ್ದು, ಇದು ಕೈಕಾಲಿನ ನರದ ತುದಿಯ ಜಖಂ, ಎರಡಕ್ಕೂ ಸಂಬಂಧವಿಲ್ಲ. ಯಾರ ಔಷಧಿಯಾದರೂ ಸರಿ, ಒಳಗೇನಿದೆ ಎಂದು ಗೊತ್ತಿಲ್ಲದ ಭಸ್ಮವನ್ನು ಕಿಮೋ ನಡೆಯುವಾಗ ಮುಟ್ಟಬೇಡಿ. ಸೀಸ, ಪಾದರಸ, ಆರ್ಸೆನಿಕ್ ಮೂರೂ ನರಕ್ಕೆ ವಿಷ. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಹಿತವೆನಿಸುತ್ತದೆ. ಶಾಖಕ್ಕೆ ಮಾತ್ರ ಇದೆ. ಹಂಡೆಯ ನೀರನ್ನು ಜೋಮು ಹಿಡಿದ ಕೈಯಿಂದ ಹದ ನೋಡಿ ಕಾಲಿಗೆ ಸುರಿದುಕೊಂಡು, ಗುಳ್ಳೆ ಎದ್ದ ಮೇಲೆ ಬಂದವರಿದ್ದಾರೆ. ನೀರಿನ ಹದ ಮೊಣಕೈಯಲ್ಲಿ ನೋಡಿ, ಇಲ್ಲವೇ ಮನೆಯ ಬೇರೆಯವರು ನೋಡಲಿ.

ಅಕ್ಯುಪಂಕ್ಚರ್‌ನಿಂದ ಕೆಲವರಿಗೆ ಆರಾಮವೆನಿಸಿದೆ, ಆದರೆ ಸಣ್ಣ ಪ್ರಯೋಗಗಳೇ ಹೆಚ್ಚು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿದಿರುವಾಗ ಸೂಜಿ ಬೇಡ. ಪ್ಯಾಕ್ಲಿಟ್ಯಾಕ್ಸೆಲ್ ಏರಿಸುವಾಗ ಜೋಮು ತಡೆಯಲೆಂದು ತಣ್ಣನೆಯ ಕೈಗವಸು, ಕಾಲುಚೀಲ ತೊಡಿಸುವ ಪದ್ಧತಿಯಿದೆ. ಆಕ್ಸಾಲಿಪ್ಲಾಟಿನ್‌ಗೆ ಅದು ಸಲ್ಲದು, ಕಾರಣ ಮೇಲೆ ಹೇಳಿದೆ.

ನನಗೆ ನಂಬಿಕೆ ಇರುವುದು ಕಾಸು ಕೇಳದ ಕೆಲಸದ ಮೇಲೆ. 2024ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಕಿಮೋ ನಡೆಯುವಾಗಲೇ ಸಮತೋಲನದ ವ್ಯಾಯಾಮ ಮಾಡಿದವರಲ್ಲಿ 100ಕ್ಕೆ ಸುಮಾರು 30 ಜನರಿಗೆ ನರದ ತೊಂದರೆ ಬಂದರೆ, ಮಾಡದವರಲ್ಲಿ ಸುಮಾರು 70 ಜನರಿಗೆ ಬಂತು. ಅಧ್ಯಯನ ಚಿಕ್ಕದೇ, ಆದರೂ ಇಷ್ಟು ಅಂತರ ಮಾತ್ರೆಗಳಲ್ಲಿ ಕಂಡಿಲ್ಲ. ಮಾಡುವುದಿಷ್ಟೆ: ಅಡುಗೆಮನೆಯ ಕಟ್ಟೆಯ ಪಕ್ಕ ನಿಂತು, ಬೇಕಾದಾಗ ಹಿಡಿಯಲು ಬರುವಂತೆ ಕೈ ಹತ್ತಿರವಿಟ್ಟು, ಒಂದೇ ಕಾಲಿನ ಮೇಲೆ ಅರ್ಧ ನಿಮಿಷ. ಅದು ಸಲೀಸಾದ ಮೇಲೆ ಮಡಚಿದ ಕಂಬಳಿಯ ಮೇಲೆ. ಆಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ಜಗಲಿಯುದ್ದಕ್ಕೂ ನಡೆ. ಮೊದಮೊದಲು ಪಕ್ಕದಲ್ಲಿ ಯಾರಾದರೂ ಇರಲಿ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ಒಳಗೇ ಮಾಡಿ.

ಉರಿ, ಚುಚ್ಚುವ ನೋವು ತಡೆಯಲಾರದಷ್ಟಿದ್ದರೆ ವ್ಯಾಯಾಮ ಒಂದೇ ಸಾಲದು. ಡ್ಯುಲಾಕ್ಸೆಟಿನ್ ಎಂಬ ಮಾತ್ರೆಯೊಂದಕ್ಕೇ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಶಿಫಾರಸು ಕೊಟ್ಟಿದೆ. ಡಾಕ್ಟರನ್ನು ಕೇಳಿಯೇ ಶುರುಮಾಡಿ, ನಿಲ್ಲಿಸುವಾಗಲೂ ಕೇಳಿ. ಅದು ನೋವಿಗೆ, ಮರಗಟ್ಟಿದ್ದಕ್ಕಲ್ಲ.

ತೋಟಕ್ಕೆ ಬರಿಗಾಲಲ್ಲಿ ಹೋಗುವ ರೂಢಿ ಸದ್ಯಕ್ಕೆ ಬಿಡಿ. ಉಂಬಳ (ಜಿಗಣೆ) ಕಚ್ಚಿದ್ದೂ ಮುಳ್ಳು ಹೊಕ್ಕಿದ್ದೂ ಈ ಕಾಲಿಗೆ ತಿಳಿಯುವುದಿಲ್ಲ, ಸಂಜೆ ಬೆರಳಸಂದಿಯನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಕೊಯ್ಲು ಬಂದಾಗ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಬೇಡಿ. ಅಡಿಕೆ ಆರಿಸುವ ಕೆಲಸ ಕೇಳಿ ತೆಗೆದುಕೊಳ್ಳಿ. ಮನೆಯವರಿಗೆ ಸಹಾಯವೂ ಆಯಿತು, ಬೆರಳಿಗೆ ವ್ಯಾಯಾಮವೂ ಆಯಿತು.